ಎರಕದ ಸೀಸದ ಗುಂಡು: ಚೀಟಿಯ ತೂಕಕ್ಕೂ ತಕ್ಕಡಿಯ ತೂಕಕ್ಕೂ ತಾಳೆಯಾಗುತ್ತಿಲ್ಲ

ಪ್ರಶ್ನೆ (ಕಲಬುರಗಿ):
ಮಾನ್ಯರೇ, ನನ್ನದು 0.177 ಇಂಚು ಬೋರಿನ (ನಳಿಗೆಯ ಒಳವ್ಯಾಸದ), ನಳಿಗೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಏರ್ ರೈಫಲ್. ಡಬ್ಬಿಯ ಪೆಲೆಟ್‌ಗಳ ಬದಲು ಮನೆಯಲ್ಲೇ ಗುಂಡು ಎರಕ ಹೊಯ್ಯಲೆಂದು ಅಚ್ಚೊಂದನ್ನು ತರಿಸಿದ್ದೇನೆ. ಅದರ ಜೊತೆಗಿದ್ದ ಚೀಟಿಯಲ್ಲಿ ಗುಂಡಿನ ತೂಕ 10 ಗ್ರೇನ್ (ಸುಮಾರು 0.65 ಗ್ರಾಂ) ಎಂದಿದೆ. ಆದರೆ ಸರಾಫ್ ಬಜಾರಿನ ಪರಿಚಯದ ಪತ್ತಾರರ ತಕ್ಕಡಿಯಲ್ಲಿ ತೂಗಿದಾಗ ಒಂದು ಗುಂಡೂ 0.60 ಗ್ರಾಂ ದಾಟಲಿಲ್ಲ, ಅಂದರೆ ಹೆಚ್ಚೆಂದರೆ 9.3 ಗ್ರೇನ್. ಹೆಬ್ಬೆರಳಿನಿಂದ ಒತ್ತಿದರೂ ಗುಂಡು ನಳಿಗೆಯೊಳಗೆ ಸಲೀಸಾಗಿ ಕೂರುವುದಿಲ್ಲ, 10 ಮೀಟರ್ ದೂರದ ಗುರಿಹಲಗೆಯಲ್ಲಿ ಏಟುಗಳು ಅಂಗೈಯಗಲ ಚದುರುತ್ತವೆ. ಇದೇ ಗುಂಡಿಗೆ ಒಬ್ಬೊಬ್ಬರು ಒಂದೊಂದು ವೇಗ ಹೇಳುತ್ತಾರೆ. ಯಾರ ಅಂಕಿಗಳನ್ನು ನಂಬಲಿ?

ಉತ್ತರ (ಬೀದರ್):
ಅಂಕಿಗಳ ಮಾತು ಆಮೇಲೆ ಆಡೋಣ. ಸೀಸವನ್ನು ಎಲ್ಲಿಂದ ತಂದಿರಿ, ಸರ್?

ಕಲಬುರಗಿ:
ಮುಚ್ಚಿದ ಮುದ್ರಣಾಲಯವೊಂದರ ಹಳೆಯ ಅಚ್ಚುಮೊಳೆಗಳು, ಸರ್. ತೂಕದ ಲೆಕ್ಕದಲ್ಲಿ ಸಿಕ್ಕವು.

ಬೀದರ್:
ಹಾಗಾದರೆ ನಿಮ್ಮ ತಕ್ಕಡಿಯೂ ಸರಿ, ಚೀಟಿಯೂ ಬಹುಶಃ ಸರಿ. ಅಚ್ಚುಮೊಳೆಯ ಲೋಹ ಬರಿಯ ಸೀಸವಲ್ಲ, ಅದರಲ್ಲಿ ಆಂಟಿಮನಿ ಮತ್ತು ತವರ ಬೆರೆತಿರುತ್ತವೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತವರದ್ದು ಸುಮಾರು 7.3, ಆಂಟಿಮನಿಯದು ಸುಮಾರು 6.7, ಆದ್ದರಿಂದ ಅದೇ ಅಚ್ಚಿನಲ್ಲಿ ಹೊಯ್ದ ಗುಂಡು, ಬೆರಕೆಯ ಪ್ರಮಾಣಕ್ಕೆ ತಕ್ಕಂತೆ, ಶುದ್ಧ ಸೀಸದ ಗುಂಡಿಗಿಂತ ಶೇಕಡಾ 6ರಿಂದ 10ರವರೆಗೂ ಹಗುರಾಗಬಹುದು. ಈ ಬೆರಕೆ ಆರುವಾಗ ಕುಗ್ಗುವುದೂ ಕಡಿಮೆ, ಹಾಗಾಗಿ ಗುಂಡಿನ ವ್ಯಾಸ ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಮೇಲಾಗಿ ಅದು ಗಡುಸು. ನಳಿಗೆಯ ಸುರುಳಿಗೆರೆಗಳಿಗೆ ಅದನ್ನು ಒತ್ತಿ ಕೂರಿಸುವಷ್ಟು ಬಲ ನಿಮ್ಮ ಸ್ಪ್ರಿಂಗಿಗಿಲ್ಲ. ಚದುರುವಿಕೆಗೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಹಳೆಯ ಸೀಸದ ಕೊಳವೆಯಂತಹ ಮೆತ್ತನೆಯ ಲೋಹ ಹುಡುಕಿರಿ. ಉಗುರಿನಿಂದ ಗೀರಿದರೆ ಗೆರೆ ಮೂಡಬೇಕು. ಬ್ಯಾಟರಿಯ ತಟ್ಟೆಗಳನ್ನು ಮಾತ್ರ ಕರಗಿಸಬೇಡಿ, ಅವುಗಳ ಹೊಗೆ ಜೀವಕ್ಕೇ ಅಪಾಯ. ಸತುವಿನ ಬಗ್ಗೆಯೂ ಎಚ್ಚರವಿರಲಿ. ನಮ್ಮೂರಿನ ಬಿದರಿ ಕೆಲಸದವರ ಎರಕ ಬಹುಪಾಲು ಸತುವೇ, ಆದರೆ ನಮ್ಮ ಸೀಸಕ್ಕೆ ಅದು ಬೆರೆತರೆ ಗುಂಡು ಅಚ್ಚಿನ ಮೂಲೆಗಳನ್ನು ತುಂಬುವುದೇ ಇಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತುವಿಗೆ ಸುಮಾರು 420 ಬೇಕು. ಕಾವನ್ನು ಇವೆರಡರ ನಡುವೆ ಹಿಡಿದಿಟ್ಟರೆ ಸತುವಿನ ಚೂರುಗಳು ಮೇಲೆ ತೇಲುತ್ತವೆ, ಅವನ್ನು ಸೌಟಿನಿಂದ ಎತ್ತಿ ಹಾಕಬಹುದು. ಬಯಲಿನಲ್ಲೇ ಕರಗಿಸಿ, ಒಂದು ಹನಿ ನೀರೂ ಹತ್ತಿರ ಬಾರದಂತೆ ನೋಡಿಕೊಳ್ಳಿ.

ಇನ್ನು ಅಂಕಿಗಳು. ಲೋಹ ಯಾವುದು, ರೈಫಲ್ ಯಾವುದು, ವೇಗವನ್ನು ಯಾವುದರಿಂದ ಅಳೆದರು ಎಂಬುದನ್ನು ಹೇಳದ ಅಂಕಿಯನ್ನು ನಾನಂತೂ ಬದಿಗಿಡುತ್ತೇನೆ. ಜಾಹೀರಾತಿನ ವೇಗ ಅನೇಕ ಸಲ ಹಗುರವಾದ ಮಿಶ್ರಲೋಹದ ಪೆಲೆಟ್‌ನಿಂದ ಬಂದದ್ದಾಗಿರುತ್ತದೆ, ಸೀಸದ ಗುಂಡಿಗೆ ಅದು ಅನ್ವಯಿಸದು. ಬರಿಯ ಸರಾಸರಿ ಕೊಟ್ಟವರಿಗಿಂತ, ಪ್ರತಿ ಏಟಿನ ವೇಗವನ್ನು ಹೆಚ್ಚು ಕಡಿಮೆ ಸಮೇತ ಬರೆದವರನ್ನು ನಂಬಬಹುದು. ಸಾಧ್ಯವಾದರೆ ಗುಂಡಿನ ವೇಗ ಅಳೆಯುವ ಸಾಧನವಾದ ಕ್ರೋನೋಗ್ರಾಫ್ ಒಂದನ್ನು ಎರವಲು ತಂದು ನೀವೇ ಅಳೆಯಿರಿ. ನಳಿಗೆಯ ಬಾಯಿಯಿಂದ ಹೊಗೆ, ಸುಟ್ಟೆಣ್ಣೆಯ ವಾಸನೆ ಬಂದರೆ ಸಿಲಿಂಡರಿನ ಎಣ್ಣೆ ಹೊತ್ತಿಕೊಂಡು ವೇಗ ಸುಳ್ಳೇ ಏರುತ್ತಿದೆ ಎಂದರ್ಥ; ಆ ಏಟುಗಳನ್ನು ಲೆಕ್ಕದಿಂದ ಬಿಡಿ.

ಯಾದಗಿರಿ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕಾಡತೂಸುಗಳ ಎರಕದ ಗುಂಡಿಗೆಂದು ಪ್ರಕಟವಾದ ಕೋಷ್ಟಕಗಳನ್ನು ಇಲ್ಲಿಗೆ ಬಳಸಬಹುದೇ?

ಬೀದರ್:
ಬೇಡ. ಅಲ್ಲಿನ ವೇಗ ಮದ್ದಿನ ಒತ್ತಡದಿಂದ ಬಂದದ್ದು, ಏರ್ ರೈಫಲ್‌ನಲ್ಲಿ ಮದ್ದೇ ಇಲ್ಲ. ತಾಮ್ರದ ಹೊದಿಕೆಯ ಗುಂಡಿನ ಅಂಕಿಯನ್ನು ಎರಕದ ಗುಂಡಿಗೆ ಹಚ್ಚುವುದನ್ನು ಆ ಹವ್ಯಾಸದವರೂ ಒಪ್ಪುವುದಿಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ನಿಷೇಧಿಸುತ್ತದೆ ಎಂಬುದೂ ತಮ್ಮ ಗಮನದಲ್ಲಿರಲಿ.

ಕಲಬುರಗಿ:
ಕೊಳವೆಯ ಸೀಸ ಸಿಕ್ಕಿತು, ಗೆರೆ ಚೆನ್ನಾಗಿ ಮೂಡುತ್ತದೆ. ಹೊಸ ಗುಂಡುಗಳು 0.64 ಗ್ರಾಂ ಮುಟ್ಟುತ್ತಿವೆ, ನಳಿಗೆಯಲ್ಲಿ ಹಗುರಾಗಿ ಕೂರುತ್ತವೆ. ಏಟುಗಳೂ ಒತ್ತೊತ್ತಾಗಿ ಬೀಳುತ್ತಿವೆ, ಆದರೂ ಡಬ್ಬಿಯ ಪೆಲೆಟ್‌ನಷ್ಟಿಲ್ಲ.

ಬೀದರ್:
ಅಷ್ಟಾಗುವುದೂ ಕಷ್ಟವೇ, ಸ್ಪ್ರಿಂಗ್ ರೈಫಲ್‌ಗೆ ಭಾರದ ಗುಂಡು ಒಗ್ಗುವುದು ಅಪರೂಪ. ವೇಗ ಅಳೆದಾಗ ಶಕ್ತಿಯ ಲೆಕ್ಕವನ್ನೂ ಹಾಕಿ: ಕಿಲೋಗ್ರಾಂನಲ್ಲಿ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಜೂಲ್ ಸಿಗುತ್ತದೆ. ಪರವಾನಗಿಯಿಲ್ಲದ ಏರ್ ರೈಫಲ್‌ಗೆ ಮಿತಿ 20 ಜೂಲ್. 0.64 ಗ್ರಾಂ ಗುಂಡು ಆ ಮಿತಿ ಮುಟ್ಟುವುದು ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ; ನಿಮ್ಮ ರೈಫಲ್ ಅದರ ಹತ್ತಿರವೂ ಸುಳಿಯಲಾರದು ಎಂದುಕೊಂಡಿದ್ದೇನೆ, ಅಳೆದು ತಿಳಿಸಿ.