ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಯ್ತು, ಇಸಿಜಿ ಸರಿ ಇದೆ, ಆದರೂ ರಾತ್ರಿ ಎದೆ ಹಿಡಿಯುತ್ತದೆ

ಕಲಬುರಗಿ ಗೃಹಿಣಿ:

ನಮಸ್ಕಾರ. ನಮ್ಮ ಮನೆಯವರಿಗೆ 51 ವರ್ಷ. ಇಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಜನವರಿಯಲ್ಲಿ ತೊಗರಿ ಸೀಸನ್ ಜೋರಿದ್ದಾಗಲೇ ಹಾರ್ಟ್ ಅಟ್ಯಾಕ್ ಆಯ್ತು. ಒಂದು ಸ್ಟೆಂಟ್ ಹಾಕಿದರು. ಎಕೋದಲ್ಲಿ ಹೃದಯದ ಪಂಪಿಂಗ್ ಶೇಕಡಾ 55 ಇದೆ, ಚೆನ್ನಾಗಿದೆ ಅಂದರು.

ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾರೆ. ಎದೆ ಹಿಡಿದ ಹಾಗಾಗುತ್ತೆ, ಉಸಿರು ಸಾಲಲ್ಲ, ಬೆರಳ ತುದಿ ಜುಮ್ ಅನ್ನುತ್ತೆ ಅಂತಾರೆ. ಮೂರು ಸಲ ಆಟೋ ಮಾಡಿಕೊಂಡು ಎಮರ್ಜೆನ್ಸಿಗೆ ಓಡಿದ್ದೇವೆ. ಮೂರೂ ಸಲ ಇಸಿಜಿ, ರಕ್ತದ ಟೆಸ್ಟ್ ಸರಿ ಬಂತು. ಕೊನೆಯ ಸಲ ಅಲ್ಲಿದ್ದವರೊಬ್ಬರು "ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ವಾಪಸ್ ಬರುವಾಗ ಇವರು ನನ್ನ ಮುಖ ನೋಡಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆ ಕೂತಿದ್ದರು. ನನಗೆ ನೋಡೋಕಾಗಲಿಲ್ಲ.

ಈ ಬಿಸಿಲಿಗೆ ನಾವೆಲ್ಲ ಮಾಳಿಗೆ ಮೇಲೆ ಮಲಗುತ್ತೇವೆ. ಇವರೊಬ್ಬರೇ ಕೆಳಗೆ, ಬಾಗಿಲ ಹತ್ತಿರ. "ಏನಾದರೂ ಆದರೆ ಮೆಟ್ಟಿಲು ಇಳಿಸೋಕೆ ನಿಮಗೆ ಕಷ್ಟ" ಅಂದರು. ಆಸ್ಪತ್ರೆ ಫೈಲು ದಿಂಬಿನ ಕೆಳಗೇ ಇರುತ್ತದೆ. ಮಿಲ್ಲಿಗೆ ಹೋಗುತ್ತಿಲ್ಲ. ಮಗಳ ರಿಸಲ್ಟ್ ಬಂದ ದಿನ ಪೇಡೆ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ಡಾಕ್ಟರ್ ಮುಂದೆ ಮಾತ್ರ "ಆರಾಮಿದ್ದೀನ್ರಿ" ಅಷ್ಟೇ. ಮನಸ್ಸಿನ ಡಾಕ್ಟರ್ ಹತ್ತಿರ ಹೋಗೋಣ ಅಂದರೆ "ನನಗೇನು ಹುಚ್ಚಾ?" ಅಂತಾರೆ.

ಇದು ಎದೆಯದಾ, ಮನಸ್ಸಿನದಾ? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಬೀದರ್ ಮೇಷ್ಟ್ರು:

ತಂಗಿ, ನನಗಾಗಿದೆ. 2019ರಲ್ಲಿ ಹೈದರಾಬಾದಿನಲ್ಲಿ ಬೈಪಾಸ್ ಆಯ್ತು. ಗಾಯ ಒಣಗಿತು, ಭಯ ಒಣಗಲಿಲ್ಲ. ದಿನಕ್ಕೆ ಎಷ್ಟು ಸಲ ನಾಡಿ ಹಿಡಿದು ನೋಡುತ್ತಿದ್ದೆನೋ ಲೆಕ್ಕವಿಲ್ಲ. ಹಾಗೆ ಕಾಯುತ್ತಾ ಕೂತರೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಅದಕ್ಕೆ ಮತ್ತೆ ಹೆದರಿಕೆ.

ನಿಮ್ಮವರು ಸುಳ್ಳು ಹೇಳುತ್ತಿಲ್ಲ, ಇದನ್ನು ಮೊದಲು ಅವರಿಗೆ ಹೇಳಿ. ನೋವು ನಿಜ. ಭಯದಲ್ಲಿ ಅಡ್ರಿನಲಿನ್ ಏರುತ್ತೆ, ಎದೆಯ ಸ್ನಾಯು ಬಿಗಿಯುತ್ತೆ.

ನನ್ನ ಹಾರ್ಟ್ ಡಾಕ್ಟರೇ ಒಂಬತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟರು. ನಿದ್ದೆ, ಹಸಿವು, ಬೇಸರ, ಬದುಕು ಸಾಕು ಅನ್ನಿಸುತ್ತಾ, ಹೀಗೆ. ಒಟ್ಟು 27 ಅಂಕ, 10 ಅಥವಾ ಹೆಚ್ಚು ಬಂದರೆ ಗಮನ ಕೊಡಬೇಕು. ನನಗೆ 16 ಬಂತು. ಸರ್ಟ್ರಲೀನ್ ಅನ್ನೋ ಖಿನ್ನತೆಯ ಮಾತ್ರೆ ಶುರು ಮಾಡಿದರು. ಮೂರು ವಾರ ಏನೂ ಅನ್ನಿಸಲಿಲ್ಲ, ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಐದನೇ ವಾರ ಒಂದು ರಾತ್ರಿ ಪೂರ್ತಿ ನಿದ್ದೆ ಬಂತು. ಬೆಳಿಗ್ಗೆ ಎದ್ದು ಹೆಂಡತಿಯ ಕೈಯಿಂದ ಬಿಸಿ ರೊಟ್ಟಿ ಕೇಳಿ ತಿಂದೆ, ಅವಳು ಅತ್ತಳು.

ಯಾದಗಿರಿ ಸ್ಟಾಫ್ ನರ್ಸ್:

ಅಕ್ಕಾ, ಒಂದು ಮಾತ್ರೆ ಚೆಕ್ ಮಾಡಿ. ಚೀಟಿಯಲ್ಲಿ ಟಿಕಾಗ್ರೆಲಾರ್ ಅಂತ, ರಕ್ತ ಹೆಪ್ಪುಗಟ್ಟದಂತೆ ಕೊಡೋ ಮಾತ್ರೆ ಇದೆಯಾ? ಅದರಿಂದಲೇ ಕೆಲವರಿಗೆ ಉಸಿರು ಸಾಲದ ಹಾಗಾಗುತ್ತೆ. ಎದೆಬಡಿತ ನಿಧಾನ ಮಾಡೋ ಮೆಟೊಪ್ರೊಲಾಲ್ ಇದ್ದರೆ ಸುಸ್ತು ಅನ್ನಿಸಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ದಯವಿಟ್ಟು! ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ಡಾಕ್ಟರೇ ಬದಲಿಸಬೇಕು.

ಬೆರಳು ಜುಮ್ ಅನ್ನೋದು ಹೆದರಿಕೆಯಲ್ಲಿ ಜೋರಾಗಿ ಉಸಿರಾಡಿದಾಗ ಸಾಮಾನ್ಯ. ನಿಧಾನಕ್ಕೆ ಉಸಿರು ಹೊರಗೆ ಬಿಡಿಸಿ. ಆದರೆ ಎದೆ ಮೇಲೆ ಭಾರ ಇಟ್ಟ ಹಾಗೆ ನೋವು, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಡಿದರೆ "ಟೆನ್ಷನ್ ಇರಬೇಕು" ಅಂತ ಕಾಯಬೇಡಿ. ಗೊತ್ತಾಗದಿದ್ದರೂ ಅಷ್ಟೇ, 108ಕ್ಕೆ ಫೋನ್ ಮಾಡಿ. ನಾಲ್ಕನೇ ಸಲ ಹೋಗೋಕೆ ನಾಚಿಕೆ ಪಡಬೇಡಿ.

ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಹುಚ್ಚು ಅಲ್ಲ. ಹಾಗೇ ಬಿಟ್ಟರೆ ಹೃದಯಕ್ಕೂ ಒಳ್ಳೆಯದಲ್ಲ. ಮನಸ್ಸಿನ ಡಾಕ್ಟರ್ ಬೇಡ ಅಂದರೆ ಸದ್ಯ 14416ಕ್ಕೆ ಮಾತಾಡಿಸಿ. ಟೆಲಿ ಮಾನಸ್, ಸರ್ಕಾರದ್ದು. ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ, ರಾತ್ರಿ ಎರಡಕ್ಕೂ ಸಿಗುತ್ತಾರೆ.

ಕಲಬುರಗಿ ಗೃಹಿಣಿ:

ಚೀಟಿ ತೆಗೆದು ನೋಡಿದೆ. ಟಿಕಾಗ್ರೆಲಾರ್ ಇದೆ, ದಿನಕ್ಕೆ ಎರಡು ಸಲ. ಮೇಷ್ಟ್ರು ಬರೆದದ್ದನ್ನು ಇವರಿಗೆ ಓದಿ ಹೇಳಿದೆ. "ನೋವು ನಿಜ" ಅನ್ನೋ ಕಡೆ ಇನ್ನೊಮ್ಮೆ ಓದು ಅಂದರು. ಆಮೇಲೆ ತಾವೇ ಫೋನ್ ಇಸಿದುಕೊಂಡರು.

ಮಂಗಳವಾರ ಡಾಕ್ಟರ್ ಹತ್ತಿರ ಹೋಗಬೇಕು. ಎಷ್ಟು ರಾತ್ರಿ ಎದ್ದರು, ಎಷ್ಟು ಹೊತ್ತು ಇತ್ತು, ಎಲ್ಲ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಇಷ್ಟು ದಿನ ನಾನು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಈ ಸಲ ಒಳಗೆ ಹೋಗುತ್ತೇನೆ.