ಕೆಂಪಿನ ಮೇಲೆ ಕೆಂಪು

ಗುಂಪು: ಜಮಖಂಡಿ ಮನೆ ಮಂದಿ

ಶನಿವಾರ

ಬಸು ಕಾಕಾ, 6:12
(ಹಲವು ಸಲ ಫಾರ್ವರ್ಡ್ ಆಗಿದೆ)
"ಕಾಲು ಕೆಂಪಾಗಿ ಬಾತು ಉರಿಯುತ್ತಿದೆಯೇ? ಅದು ಸರ್ಪಸುತ್ತು! ಆಂಟಿಬಯಾಟಿಕ್ ಬೇಕಾಗಿಲ್ಲ. ಕೆಮ್ಮಣ್ಣು ತೇಯ್ದು ದಪ್ಪಗೆ ಹಚ್ಚಿ. ಎಳ್ಳೆಣ್ಣೆ ಬಿಸಿ ಮಾಡಿ ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ತಿಕ್ಕಿ, ಕೆಟ್ಟ ರಕ್ತ ಓಡಿಹೋಗುತ್ತದೆ. ಜ್ವರ ಬಿಟ್ಟ ದಿನವೇ ಗುಳಿಗೆ ನಿಲ್ಲಿಸಿ. 3 ದಿನಕ್ಕೆ ಮಾಯ! ಡಾಕ್ಟರು ಇದನ್ನು ಹೇಳುವುದಿಲ್ಲ. 11 ಜನರಿಗೆ ಕಳಿಸಿ."

ಬಸು ಕಾಕಾ, 6:13
ಸಂಗಣ್ಣ, ನಿನಗೋಸ್ಕರ ಹಾಕಿದ್ದೇನೆ. ಓದು.

ರೇಣುಕಾ, 6:41
ಕಾಕಾ, ಇದನ್ನು ಅಳಿಸಿಬಿಡಿ. ಅಣ್ಣನಿಗೆ ಆಗಿರುವುದು ಸರ್ಪಸುತ್ತು ಅಲ್ಲ.

ಬಸು ಕಾಕಾ, 6:50
ನಿಮ್ಮ ಅಜ್ಜಿಗೆ ನಾನೇ ಕುಂಬಾರ ಓಣಿಯಿಂದ ಕೆಮ್ಮಣ್ಣು ತಂದು ಹಚ್ಚಿದ್ದೆ. ಹದಿನೈದು ದಿನಕ್ಕೆ ಒಣಗಿತು. ಕಣ್ಣಾರೆ ಕಂಡದ್ದನ್ನು ಅಳಿಸು ಅಂತೀಯಲ್ಲ.

ರೇಣುಕಾ, 6:58
ಅಜ್ಜಿಗೆ ಆಗಿದ್ದು ಸರ್ಪಸುತ್ತೇ, ಇಲ್ಲ ಅಂದವರು ಯಾರು? ಸೊಂಟದ ಒಂದೇ ಕಡೆ, ಪಟ್ಟಿ ಕಟ್ಟಿದ ಹಾಗೆ ನೀರು ಗುಳ್ಳೆ ಎದ್ದಿದ್ದವು. ಸಣ್ಣವರಿದ್ದಾಗ ಮೈಮೇಲೆ ಅಮ್ಮ ಬರುತ್ತದಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಒಳಗೆ ಕೂತಿದ್ದು ವಯಸ್ಸಾದ ಮೇಲೆ ಹೀಗೆ ಎದ್ದು ಬರುತ್ತದೆ. ಎರಡು ಮೂರು ವಾರಕ್ಕೆ ತಾನೇ ಒಣಗುತ್ತದೆ. ಹೆಸರು ಮಾತ್ರ ಕೆಮ್ಮಣ್ಣಿಗೆ.

ರೇಣುಕಾ, 7:01
ಅಣ್ಣನದು ಸೆಲ್ಯುಲೈಟಿಸ್. ಬ್ಯಾಕ್ಟೀರಿಯಾದಿಂದ ಬರುವುದು. ಚರ್ಮ ಒಡೆದ ಕಡೆಯಿಂದ ಒಳಗೆ ನುಗ್ಗಿ ಅಡಿಯಲ್ಲೇ ಹರಡುತ್ತದೆ. ತಾನೇ ಒಣಗಲಿ ಅಂತ ಕಾಯುತ್ತಾ ಕೂರುವ ರೋಗ ಅಲ್ಲ ಇದು.

ಸಂಗಣ್ಣ, 7:20
ಹೆಸರು ಏನಾದರೂ ಇರಲಿ. ಗುಳಿಗೆ ನುಂಗಲು ಶುರು ಮಾಡಿ ಇವತ್ತಿಗೆ ನಾಲ್ಕು ದಿನ. ಜ್ವರ ಹೋಯಿತು, ನೋವು ಹೋಗಲಿಲ್ಲ. ರಾತ್ರಿ ಎದ್ದು ಕಾಲು ಕೆಳಗೆ ಬಿಟ್ಟರೆ ಜೀವ ಹೋದ ಹಾಗಾಗುತ್ತದೆ. ಡಾಕ್ಟರು ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿದ್ದರು. ಎರಡನೇ ದಿನವೇ ಕೆಂಪು ಆ ಗೆರೆ ದಾಟಿತ್ತು. ಗುಳಿಗೆ ನಾಟುತ್ತಿದೆ ಅಂತ ಹೇಗೆ ನಂಬಬೇಕು? ಇತ್ತ ಕಬ್ಬು ಕಡಿಯುವ ಗ್ಯಾಂಗ್ ಬಂದು ಹೊಲದಲ್ಲಿ ಕೂತಿದೆ.

ಬಸು ಕಾಕಾ, 7:22
ನೋಡಿದಿರಾ? ಗೆರೆ ದಾಟಿದೆ. ಗುಳಿಗೆ ದಂಡ.

ಸುಧಾ, 7:35
ಅಪ್ಪಾ, ನಾನು ಈಗಷ್ಟೇ ನೈಟ್ ಡ್ಯೂಟಿ ಮುಗಿಸಿ ಬಂದೆ. ಬಂದ ತಕ್ಷಣ ಇದನ್ನು ನೋಡಬೇಕಾ? ಮಗಳು ನರ್ಸ್, ಅಪ್ಪ ಫಾರ್ವರ್ಡ್ ವೈದ್ಯ. ಬೆಳಗಾವಿಯಲ್ಲಿ ಯಾರಿಗೂ ಹೇಳಬೇಡಿ.

ಸುಧಾ, 7:39
ಸಂಗಣ್ಣಾ, ಮೊದಲ ಒಂದೆರಡು ದಿನ ಕೆಂಪು ಸ್ವಲ್ಪ ಮುಂದೆ ಹೋಗಬಹುದು. ಗುಳಿಗೆ ಕೆಲಸ ಶುರು ಮಾಡಿದ್ದರೂ ಹಾಗಾಗುತ್ತದೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಮೈ ತನ್ನ ಜಗಳ ತಕ್ಷಣ ನಿಲ್ಲಿಸುವುದಿಲ್ಲ. ಆದರೆ ಇವತ್ತು ನಾಲ್ಕನೇ ದಿನ. ಈಗ ಹಿಂದೆ ಬರುತ್ತಾ ಇರಬೇಕು. ಗೆರೆ ಇರುವ ಫೋಟೋ ಹಾಕಿ, ನೋಡೋಣ.

(ಸಂಗಣ್ಣನಿಂದ ಉತ್ತರ ಇಲ್ಲ.)

ರೇಣುಕಾ, 8:05
ಅಣ್ಣಾ, ಆ ನೋವು ನನಗೆ ಗೊತ್ತು. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಇಲ್ಲಿ ವಿಜಯಪುರದಲ್ಲಿ ನಾನು ಮಲಗಿದ್ದೆನಲ್ಲ. ಹಿಮ್ಮಡಿ ಒಡೆದಿತ್ತು, ಅಲ್ಲಿಂದ ಶುರುವಾಯಿತು. ಮೊದಲು ಚಳಿ. ಎರಡು ಕೌದಿ ಹೊದ್ದರೂ ಹಲ್ಲು ಕಟಕಟ. ಕಾಲು ಕೆಂಪಾಗಿದ್ದು ಮರುದಿನ. ನೀವೆಲ್ಲ ಫೋನ್ ಮಾಡಿ "ಜ್ವರ ಬಿಟ್ಟಿತಾ" ಅಂತ ಕೇಳಿದಿರಿ. ಬಿಟ್ಟಿತು ಅಂದೆ. ಎಲ್ಲರೂ "ಹಾಗಾದರೆ ಆರಾಮ ಬಿಡು" ಅಂದಿರಿ. ಆರಾಮ ಎಲ್ಲಿತ್ತು? ಕಾಲಿನ ಮೇಲೆ ಬರೀ ಚಾದರದ ತುದಿ ತಾಗಿದರೆ ಕಿರುಚುತ್ತಿದ್ದೆ. ವಿನಾಯಕ ಒಂದು ರಟ್ಟಿನ ಡಬ್ಬಿಯ ಒಂದು ಬದಿ ಕತ್ತರಿಸಿ ಪಾದದ ಮೇಲೆ ಗುಡಿಸಲ ಹಾಗೆ ನಿಲ್ಲಿಸಿದ್ದ, ಚಾದರ ಅದರ ಮೇಲೆ ಕೂರಲಿ ಅಂತ. ಫ್ರಿಜ್ ಅಲ್ಲ, ಮಿಕ್ಸರ್ ಬಂದ ಡಬ್ಬಿ.

ರೇಣುಕಾ, 8:09
ಹಾಸಿಗೆಯಿಂದ ಬಾತ್‌ರೂಮಿಗೆ ಹನ್ನೊಂದು ಹೆಜ್ಜೆ. ಕಾಲು ಇಳಿಬಿಟ್ಟ ಕೂಡಲೇ ರಕ್ತವೆಲ್ಲ ಕೆಳಗೆ ಇಳಿದು ಚರ್ಮ ಬಿರಿಯುವ ಹಾಗೆ. ಆಮೇಲೆ ಒಂದು ಉಪಾಯ ಕಲಿತೆ. ಮಲಗಿದಲ್ಲೇ ಪಾದವನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸುವುದು. ಆಮೇಲೆ ಮಂಚದ ಅಂಚಿಗೆ ಬಂದು ಒಂದೆರಡು ನಿಮಿಷ ಕೂರುವುದು. ಆಮೇಲೆ ನಿಲ್ಲುವುದು. ನೋವು ಹೋಗಲಿಲ್ಲ. ಆದರೆ ಒಮ್ಮೆಲೇ ಬಂದು ಬಡಿಯುವುದು ನಿಂತಿತು. ಮೂತ್ರ ಬಂದ ಮೇಲೆ ಏಳಬೇಡ ಅಣ್ಣಾ, ಅದಕ್ಕೂ ಮೊದಲೇ ಏಳು. ಅವಸರದಲ್ಲಿ ಎದ್ದರೆ ಜಾಸ್ತಿ ನೋವು.

ಗೀತಾ ವೈನಿ, 8:15
ಇವರು ಕಾಲು ಮೇಲೆ ಇಡುವುದೇ ಇಲ್ಲ ರೇಣುಕಾ. ಕುರ್ಚಿ ಮೇಲೆ ಕೂತು ಕಾಲು ಜೋತುಬಿಟ್ಟು ಗ್ಯಾಂಗಿನವರಿಗೆ ಫೋನ್.

ರೇಣುಕಾ, 8:17
ಅದೇ ತಪ್ಪು ವೈನಿ. ಒಂದು ದಿಂಬು ಇಟ್ಟರೆ ಸಾಲದು. ಎರಡು ಕೌದಿ ಮಡಚಿ ಮೊಣಕಾಲಿನಿಂದ ಮೀನಖಂಡದವರೆಗೆ ಪೂರ್ತಿ ಆನಿಕೆ ಕೊಡಿ. ಹಿಮ್ಮಡಿ ಮಾತ್ರ ಗಾಳಿಯಲ್ಲಿ ಇರಲಿ, ಒತ್ತಬಾರದು. ಪಾದ ಎದೆಗಿಂತ ಎತ್ತರ. ಬಾವು ಇಳಿದರೆ ನೋವು ತಾನೇ ಇಳಿಯುತ್ತದೆ. ನನಗಂತೂ ಗುಳಿಗೆಗಿಂತ ಜಾಸ್ತಿ ಆಧಾರ ಕೊಟ್ಟದ್ದು ಆ ಕೌದಿ.

ಅವ್ವ (ಆಡಿಯೊ, 0:19), 8:24
"ಏ ರೇಣುಕಾ, ನನ್ನ ಹೊಸ ಕೌದಿ ಕೊಡಂಗಿಲ್ಲ ಮತ್ತ. ಹಳೇದು ತಗೊಳ್ಳಿ. ಅದಕ್ಕ ಔಷಧ ಹತ್ತಿದರ ತೊಳದು ಕೊಡಬೇಕು."

ಬಸು ಕಾಕಾ, 8:40
ಎಲ್ಲ ಸರಿ. ಆದರೆ ಡಾಕ್ಟರು ಎರಡು ನಿಮಿಷ ನೋಡಿ ಚೀಟಿ ಬರೆದರು. ಕೌದಿ ಬಗ್ಗೆ ಹೇಳಿದರಾ? ಎಷ್ಟು ದಿನ ನೋವು ಇರುತ್ತದೆ ಅಂತ ಹೇಳಿದರಾ? ಅವರು ಹೇಳುವುದಿಲ್ಲ, ಫಾರ್ವರ್ಡ್‌ನವರು ಹೇಳುತ್ತಾರೆ. ಜನ ಯಾರ ಮಾತು ಕೇಳಬೇಕು?

ಸುಧಾ, 8:46
ಅಪ್ಪಾ, ಈ ಒಂದು ಮಾತು ಒಪ್ಪಿದೆ. ಹೇಳಬೇಕಿತ್ತು. ಕೆಂಪು ಇಳಿಯಲು ಒಂದು ವಾರ ಹತ್ತು ದಿನ, ಬಾವು ಪೂರ್ತಿ ಹೋಗಲು ಕೆಲವು ವಾರ ಬೇಕಾಗಬಹುದು. ವಾಸಿಯಾಗುತ್ತಾ ಚರ್ಮ ಸುಲಿಯುತ್ತದೆ, ತುರಿಸುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಹೇಳಿದ್ದರೆ ಸಂಗಣ್ಣ ನಾಲ್ಕನೇ ದಿನಕ್ಕೆ ಹೆದರುತ್ತಿರಲಿಲ್ಲ. ಆದರೆ ನಿಮ್ಮ ಸಂದೇಶ 3 ದಿನ ಅಂತ ಸುಳ್ಳು ಹೇಳುತ್ತದಲ್ಲ.

ವಿನಾಯಕ, 9:02
ಅಜ್ಜಾ, ಜ್ವರ ಬಿಟ್ಟ ದಿನ ಗುಳಿಗೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ನಮಗೆ ಫಾರ್ಮಸಿ ಕ್ಲಾಸಿನಲ್ಲಿ ಹೇಳಿದ್ದು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅಂತ ಒಬ್ಬ ಪೊಲೀಸ್. ಮುಖದ ಗಾಯಕ್ಕೆ ಸೋಂಕು ತಗುಲಿ, ಒಂದು ಕಣ್ಣೇ ಹೋಗಿತ್ತು. ಪೆನಿಸಿಲಿನ್ ಕೊಟ್ಟರು. ಜ್ವರ ಇಳಿಯಿತು, ಊಟ ಮಾಡಿದ. ಆದರೆ ಇದ್ದ ಔಷಧವೇ ಅಷ್ಟು. ಅವನ ಮೂತ್ರದಿಂದ ಪೆನಿಸಿಲಿನ್ ಮತ್ತೆ ತೆಗೆದು ಅದನ್ನೂ ಕೊಟ್ಟರು. ಅದೂ ಮುಗಿಯಿತು. ರೋಗ ತಿರುಗಿ ಬಂತು, ಸತ್ತುಹೋದ.

ಬಸು ಕಾಕಾ, 9:04
ಮೂತ್ರದಿಂದಲಾ? ಬೆಳಗ್ಗೆ ಬೆಳಗ್ಗೆ ಏನು ಮಾತೋ ಇದು. ರೊಟ್ಟಿ ತಿನ್ನುತ್ತಿದ್ದೇನೆ.

ಸುಧಾ, 9:10
ಹಾಗಂತ ಜಾಸ್ತಿ ದಿನ ನುಂಗಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಕೆಲವರಿಗೆ 5 ದಿನ ಸಾಕು, ಕೆಲವರಿಗೆ 10. ಅದನ್ನು ಕಾಲು ನೋಡಿ ಡಾಕ್ಟರು ಹೇಳಬೇಕು. ಥರ್ಮಾಮೀಟರ್ ನೋಡಿ ನಾವು ಹೇಳುವುದಲ್ಲ.

ಸಂಗಣ್ಣ, 9:31
ನೋವಿಗೆ ಒಂದು ಡೈಕ್ಲೊ ಸೂಜಿ ಹಾಕಿಸಿಕೊಂಡು ಹೊಲಕ್ಕೆ ಹೋಗಿ ಬರಲಾ? ಒಂದೇ ತಾಸು.

ಸುಧಾ, 9:32
ಬೇಡ ಅಣ್ಣಾ. ನಿಮಗೆ ಬಿಪಿ, ಸಕ್ಕರೆ ಎರಡೂ ಇದೆ. ಡೈಕ್ಲೊ, ಐಬುಪ್ರೊಫೆನ್ ಕಿಡ್ನಿಗೆ ಹೊಡೆತ. ಡಾಕ್ಟರು ಬರೆದ ಪ್ಯಾರಾಸಿಟಮಾಲ್ 650 ಇದೆಯಲ್ಲ, ಆರು ತಾಸಿಗೆ ಒಂದು. ನೋವು ಏರಿದ ಮೇಲೆ ಹುಡುಕಬೇಡಿ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ದಿನಕ್ಕೆ 4 ದಾಟಬಾರದು. ಸಕ್ಕರೆ ನೋಡಿಕೊಳ್ಳುತ್ತಾ ಇರಿ, ಸೋಂಕಿನಲ್ಲಿ ಅದು ಏರುತ್ತದೆ.

ಬಸು ಕಾಕಾ, 9:40
ಎಣ್ಣೆ ಹಚ್ಚಿ ತಿಕ್ಕುವುದಕ್ಕಾದರೂ ಏನು ಅಡ್ಡಿ? ಅದಕ್ಕೂ ನಿಮ್ಮ ಇಂಗ್ಲಿಷ್ ಬೇಕಾ?

ರೇಣುಕಾ, 9:43
ತಿಕ್ಕಬಾರದು ಕಾಕಾ. ಒಂದೇ ಕಾಲು ಬಾತರೆ ಕೆಲವೊಮ್ಮೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನನಗೆ ಅದಕ್ಕೇ ಡಾಪ್ಲರ್ ಸ್ಕ್ಯಾನ್ ಮಾಡಿದ್ದು. ತಿಕ್ಕಿದಾಗ ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋದರೆ? ನೀವೇ ಹೇಳಿ.

ಬಸು ಕಾಕಾ, 9:50
ಅಂದರೆ ನಾನು ನನ್ನ ಅಣ್ಣನ ಮಗನನ್ನು ಕೊಲ್ಲಲು ಹೊರಟಿದ್ದೇನೆ. ಆಯಿತು ತಾಯಿ. ನಿಮ್ಮ ಗುಂಪು ನೀವೇ ಇಟ್ಟುಕೊಳ್ಳಿ.

(ಬಸು ಕಾಕಾ ಗುಂಪು ತೊರೆದರು)

ವಿನಾಯಕ, 9:51
ಈ ವರ್ಷ ಮೂರನೇ ಸಲ.

ಗೀತಾ ವೈನಿ, 9:58
ರೇಣುಕಾ, ಸುಧಾ, ಹೇಳಲೋ ಬೇಡವೋ ಅಂತ ಇದ್ದೆ. ಕೆಮ್ಮಣ್ಣು ಆಗಲೇ ಹಚ್ಚಿಕೊಂಡಿದ್ದಾರೆ. ಬೆಳಗ್ಗೆ 5ಕ್ಕೇ. ಕಾಕಾ ರಾತ್ರಿಯೇ ಫೋನಿನಲ್ಲಿ ಹೇಳಿದ್ದರಂತೆ. ಅದಕ್ಕೇ ಫೋಟೋ ಹಾಕುತ್ತಿಲ್ಲ.

ರೇಣುಕಾ, 10:00
ಅಯ್ಯೋ ವೈನಿ. ಗೆರೆ?

ಗೀತಾ ವೈನಿ, 10:01
ಗೆರೆ ಎಲ್ಲಿ ಕಾಣುತ್ತದೆ. ಮೊಣಕಾಲಿನ ತನಕ ಗುಡಿ ಗೋಡೆಗೆ ಸುಣ್ಣ ಕೆಮ್ಮಣ್ಣು ಹೊಡೆದ ಹಾಗಿದೆ.

ರೇಣುಕಾ, 10:04
ಅಣ್ಣಾ, ಸಿಟ್ಟಾಗಬೇಡ. ಮಣ್ಣು ತಂಪು ಅನಿಸುತ್ತದೆ, ಒಪ್ಪಿದೆ. ಕಾದ ಚರ್ಮಕ್ಕೆ ಏನು ಹಚ್ಚಿದರೂ ಒಂದು ಗಳಿಗೆ ಹಿತ. ಆದರೆ ನಮಗೆ ನೋಡಲು ಇರುವುದೇ ಆ ಕೆಂಪು. ಹಿಂದೆ ಬಂತಾ, ಮುಂದೆ ಹೋಯಿತಾ, ನೀಲಿಗೆ ತಿರುಗಿತಾ, ಗುಳ್ಳೆ ಎದ್ದಿತಾ. ಕೆಂಪಿನ ಮೇಲೆ ಕೆಂಪು ಹಚ್ಚಿದರೆ ಏನು ಕಾಣಿಸುತ್ತದೆ ಹೇಳು? ನಾಳೆ ಕಾಲು ಕೆಟ್ಟರೂ ಮಣ್ಣು ಒಂದೇ ಬಣ್ಣ ತೋರಿಸುತ್ತದೆ.

ಸುಧಾ, 10:09
ಒಡೆದ ಚರ್ಮದ ಮೇಲೆ ಹೊಲದ ಮಣ್ಣಾದರೇನು, ಕುಂಬಾರ ಓಣಿಯ ಮಣ್ಣಾದರೇನು. ವೈನಿ, ಉಗುರುಬೆಚ್ಚಗಿನ ನೀರು, ಸಾಬೂನು ಹಾಕಿ ನಿಧಾನಕ್ಕೆ ತೊಳೆಯಿರಿ. ಉಜ್ಜಬೇಡಿ. ಬಟ್ಟೆ ಒತ್ತಿ ಒಣಗಿಸಿ. ಆಮೇಲೆ ಕೆಂಪಿನ ಅಂಚಿಗೆ ಹೊಸ ಗೆರೆ, ಪಕ್ಕದಲ್ಲಿ ಹೊತ್ತು ಬರೆಯಿರಿ. ಚರ್ಮ ಕಪ್ಪಾಗಿದ್ದರೆ, ಮುಟ್ಟಿದರೆ ಗೊತ್ತಾಗದ ಹಾಗೆ ಜೋಮು ಹಿಡಿದಿದ್ದರೆ, ಚಳಿ ತಿರುಗಿ ಬಂದರೆ, ಅಣ್ಣ ಏನೇನೋ ಮಾತಾಡಿದರೆ ಸೋಮವಾರ ಅಂತ ಕಾಯಬೇಡಿ. ಆ ಕ್ಷಣವೇ ಗಾಡಿ ಮಾಡಿಕೊಂಡು ಬಾಗಲಕೋಟೆಗೆ.

(ಸುಧಾ ಅವರು ಬಸು ಕಾಕಾ ಅವರನ್ನು ಸೇರಿಸಿದ್ದಾರೆ)

ಬಸು ಕಾಕಾ, 11:26
ಸುಧಾ ಫೋನಿನಲ್ಲಿ ಬೈದಳು. ಒಂದು ಮಾತು ಹೇಳುತ್ತೇನೆ, ಯಾರೂ ಮಧ್ಯೆ ಬರಬೇಡಿ. ನಿನ್ನೆ ರಾತ್ರಿ ಒಂದೂವರೆಗೆ ಸಂಗಣ್ಣ ನನಗೆ ಫೋನ್ ಮಾಡಿದ್ದ. ಅಳುತ್ತಿದ್ದ. ಅವನು ಅತ್ತದ್ದನ್ನು ಅವನ ಅಪ್ಪ ಹೋದಾಗಲೂ ನಾನು ನೋಡಿಲ್ಲ. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಸುಮ್ನೆ ಇರಲು ಆಗಲಿಲ್ಲ. ನಿಮ್ಮ ಅಜ್ಜಿಗೆ ಹಚ್ಚಿದ ಕೆಮ್ಮಣ್ಣು ನೆನಪಾಯಿತು, ಹೇಳಿದೆ. ಬೆಳಗ್ಗೆ ಆ ಸಂದೇಶವೂ ಕಣ್ಣಿಗೆ ಬಿತ್ತು. ದೇವರೇ ಕಳಿಸಿದ ಅಂದುಕೊಂಡೆ. ಅಷ್ಟೇ.

ಬಸು ಕಾಕಾ, 11:27
(ಈ ಸಂದೇಶ ಅಳಿಸಲಾಗಿದೆ)

ರೇಣುಕಾ, 11:34
ಕಾಕಾ, ನನಗೆ ಆ ರಾತ್ರಿಗಳಲ್ಲಿ ಫೋನ್ ಮಾಡಲು ಯಾರೂ ಹೊಳೆದಿರಲಿಲ್ಲ. ಅಣ್ಣನಿಗೆ ನೀವು ಹೊಳೆದಿರಿ. ಇವತ್ತು ರಾತ್ರಿಯೂ ಮಾಡಬಹುದು. ಹೊಲದ ಸುದ್ದಿ ಮಾತಾಡಿ. ಔಷಧ ಮಾತ್ರ ಹೇಳಬೇಡಿ.

ಬಸು ಕಾಕಾ, 11:36
ಗ್ಯಾಂಗಿನವರ ಹತ್ತಿರ ನಾನೇ ಹೋಗಿ ನಿಲ್ಲುತ್ತೇನೆ ಅಂತ ಅವನಿಗೆ ಹೇಳಿ.

ರವಿವಾರ

ಗೀತಾ ವೈನಿ, 7:10
(ಫೋಟೋ)
ನಿನ್ನೆ ತೊಳೆದು ಮೊಮ್ಮಗಳ ಸ್ಕೆಚ್ ಪೆನ್ನಿನಿಂದ ಗೆರೆ ಹಾಕಿದ್ದು. ಹಸಿರು ಬಣ್ಣ. ಪಕ್ಕದಲ್ಲಿ ಅವಳೇ ಒಂದು ಹೂ ಬರೆದಿದ್ದಾಳೆ.

ಸುಧಾ, 7:22
ಮೇಲಿನ ಕಡೆ ಎರಡು ಬೆರಳು ಹಿಂದೆ ಬಂದಿದೆ. ಹಿಂಬದಿ ಇದ್ದಲ್ಲೇ ಇದೆ. ಚರ್ಮ ಸ್ವಲ್ಪ ಸುಕ್ಕಾಗಿದೆ, ಬಾವು ಇಳಿಯುವ ಲಕ್ಷಣ. ಗುಳಿಗೆ ಮುಂದುವರಿಸಿ, ನಾಳೆ ಡಾಕ್ಟರಿಗೆ ತೋರಿಸಿ. ಅಣ್ಣಾ, ಕಿರುಬೆರಳ ಸಂದಿ ಬಿಡಿಸಿ ಒಂದು ಫೋಟೋ ಹಾಕಿ.

ಗೀತಾ ವೈನಿ, 7:30
(ಫೋಟೋ)

ಸುಧಾ, 7:33
ಬೆಳ್ಳಗೆ ನೆನೆದು ಬಿರುಕು ಬಿಟ್ಟಿದೆ ನೋಡಿ. ಇದೇ ಬಾಗಿಲು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸುತ್ತಾ ಕೆಸರಿನಲ್ಲಿ ನಿಲ್ಲುತ್ತೀರಲ್ಲ, ಆ ಫಂಗಸ್ಸು. ಇದನ್ನು ವಾಸಿ ಮಾಡದಿದ್ದರೆ ಅದೇ ಕಾಲಿಗೆ ಮತ್ತೆ ಬರುತ್ತದೆ. ನಾಳೆ ಇದನ್ನೂ ತೋರಿಸಿ. ಅಂಗಡಿಯಲ್ಲಿ ಕೇಳಿ ಯಾವುದೋ ಮುಲಾಮು ತರಬೇಡಿ, ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಸೇರಿಸಿರುತ್ತಾರೆ. ತುರಿಕೆ ನಿಲ್ಲುತ್ತದೆ, ಫಂಗಸ್ ಬೆಳೆಯುತ್ತದೆ.

ಬಸು ಕಾಕಾ, 7:45
ನನಗೂ ಹಾಗೆಯೇ ಇದೆ. ಎರಡೂ ಕಾಲಿಗೆ.

ಸುಧಾ, 7:46
ಅಪ್ಪಾ!

ಸಂಗಣ್ಣ, 8:02
ರಾತ್ರಿ ಮೂರು ತಾಸು ನಿದ್ದೆ ಬಂತು. ಕಾಲು ಎತ್ತರದಲ್ಲೇ ಇತ್ತು. ನೋವು ಇದೆ, ಆದರೆ ನಿನ್ನೆಯ ಹಾಗೆ ಇಲ್ಲ. ರೇಣುಕಾ, ಆ ಡಬ್ಬಿ ಇದೆಯಾ?

ರೇಣುಕಾ, 8:04
ಮಿಕ್ಸರ್ ಡಬ್ಬಿಯಾ? ಅದರಲ್ಲಿ ಈಗ ಬೆಕ್ಕು ಮರಿ ಹಾಕಿದೆ ಅಣ್ಣಾ. ವೈನಿಗೆ ಹೇಳುತ್ತೇನೆ, ಅಲ್ಲೇ ಒಂದು ಮಾಡಿಸು.

ಅವ್ವ (ಆಡಿಯೊ, 0:11), 8:15
"ಅಂವಾ ಹೊಸ ಕೌದೀನs ಒಯ್ದಾನ. ಯಾರು ಕೊಟ್ರಿ ಅದನ್ನ?"