ಥಲಸ್ಸೇಮಿಯಾ: ಆರು ವರ್ಷದಿಂದ ರಕ್ತ ಹಾಕಿಸುತ್ತಿದ್ದೇವೆ, ಮುಂದೆ ಮೈಗೆ ಏನಾಗುತ್ತದೆ? ಅನುಭವ ಇದ್ದವರು ಹೇಳಿ

ಯಾದಗಿರಿ ತಾಯಿ: ಮಗಳಿಗೆ ಆರೂವರೆ ವರ್ಷ. ಥಲಸ್ಸೇಮಿಯಾ ಅಂದರೆ ತಂದೆ-ತಾಯಿಯಿಂದ ಬರುವ ಕಾಯಿಲೆ, ಮೈ ತಾನೇ ಸಾಕಷ್ಟು ರಕ್ತ ಮಾಡಲ್ಲ. ಎಂಟನೇ ತಿಂಗಳಿಂದ ಮೂರು ವಾರಕ್ಕೊಮ್ಮೆ ರಕ್ತ. ಹಾಕಿದ ರಕ್ತದ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ; ಅದನ್ನು ತೋರಿಸುವ ಫೆರಿಟಿನ್ ಟೆಸ್ಟ್ ಹೋದ ವಾರ 2,840 ಬಂತು. ಮುಖ ಸ್ವಲ್ಪ ಕಪ್ಪಾಗಿದೆ. ಕಬ್ಬಿಣ ಹೊರಹಾಕುವ ಮಾತ್ರೆ ಡಿಫೆರಾಸಿರಾಕ್ಸ್ ಡೋಸ್ ಜಾಸ್ತಿ ಮಾಡಿದ್ದಾರೆ. ಹೀಗೇ ರಕ್ತ ಹಾಕಿಸಿಕೊಂಡು ದೊಡ್ಡವರಾದವರು ಇದ್ದೀರಾ? ಲಿವರ್, ಹಾರ್ಟ್, ಬೆಳವಣಿಗೆ ಹೇಗಿದೆ?

ಬೀದರ್, 29 ವರ್ಷ: ನಾನೇ ಪೇಷಂಟ್. ನನ್ನ ಕಾಲಕ್ಕೆ ಕಬ್ಬಿಣ ತೆಗೆಯುವ ಔಷಧಕ್ಕೆ ಪಂಪ್. ಅಪ್ಪ ಸಾಲ ಮಾಡಿ ತಂದರು. ವಾರಕ್ಕೆ ಐದು ರಾತ್ರಿ ಹೊಟ್ಟೆ ಚರ್ಮಕ್ಕೆ ಸೂಜಿ, ಹತ್ತು ತಾಸು ಡೆಸ್ಫೆರಾಲ್. ಬೆಳಿಗ್ಗೆ ಸೂಜಿ ತೆಗೆದರೆ ಅಡಿಕೆಯಷ್ಟು ಗಂಟು. ಅಮ್ಮ ಅದರ ಮೇಲೆ ಬಿಸಿ ಬಟ್ಟೆ ಒತ್ತುತ್ತಿದ್ದಳು. ಹದಿನಾಲ್ಕಕ್ಕೆ ಹಠ ಹಿಡಿದು ಬಿಟ್ಟೆ. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ಹೈದರಾಬಾದಿಗೆ ಹೋಗಿ ಟಿ2 ಸ್ಟಾರ್ ಎಂಆರ್‌ಐ ಮಾಡಿಸಿದೆವು. ಅದು ಹಾರ್ಟಿನಲ್ಲಿ ಕೂತ ಕಬ್ಬಿಣ ತೋರಿಸುತ್ತದೆ, ನಂಬರ್ ಇಳಿದಷ್ಟೂ ಕಬ್ಬಿಣ ಜಾಸ್ತಿ. ಹಾರ್ಟ್ 9. ಇರಬೇಕಾದ್ದು 20ರ ಮೇಲೆ. ಮತ್ತೆ ಪಂಪ್, ಜೊತೆಗೆ ಕಬ್ಬಿಣ ತೆಗೆಯುವ ಇನ್ನೊಂದು ಔಷಧ ಡಿಫೆರಿಪ್ರೋನ್. 21ಕ್ಕೆ ಬರಲು ಮೂರು ವರ್ಷ ಬೇಕಾಯ್ತು. ಹಾರ್ಟ್ ತಿರುಗಿ ಬಂತು, ಶುಗರ್ ಹೋಗಲಿಲ್ಲ. ಇನ್ಸುಲಿನ್, ಥೈರಾಯ್ಡ್ ಮಾತ್ರೆ ಎರಡೂ ನಡೆದಿವೆ. ನನಗೆ ಮೀಸೆ ಬಂದದ್ದು ಹತ್ತೊಂಬತ್ತಕ್ಕೆ, ಅದೂ ಹಾರ್ಮೋನ್ ಇಂಜೆಕ್ಷನ್ ಕೊಟ್ಟ ಮೇಲೆ. ಈಗ ಅಂಗಡಿ ನಡೆಸುತ್ತೇನೆ, ಯಾರ ಹಂಗೂ ಇಲ್ಲ.

ಸೇಡಂ ತಾಯಿ: ಮಗನಿಗೆ 12. ಜಾತ್ರೆ ಇರಲಿ, ಮದುವೆ ಇರಲಿ, ಒಂದು ದಿನ ಮಾತ್ರೆ ತಪ್ಪಿಸಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗಾಜಿನ ಲೋಟದಲ್ಲಿ ಕರಗಿಸಿ ಕೊಡುತ್ತೇನೆ. ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ ಅಲ್ವಾ, ಅದಕ್ಕೆ ಮತ್ತೆ ನೀರು ಹಾಕಿ ಅದನ್ನೂ ಕುಡಿಸುತ್ತೇನೆ. ಫೆರಿಟಿನ್ 940. ಸುಮ್ನೆ ಬಂದದ್ದಲ್ಲ ಇದು. 2022ರಲ್ಲಿ ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ ಏರಿ ಮೂರು ವಾರ ಮಾತ್ರೆ ನಿಲ್ಲಿಸಿದರು, ಆ ಮೂರು ವಾರ ನನಗೆ ನಿದ್ದೆ ಇಲ್ಲ. ತಿಂಗಳಿಗೆ ಮಾತ್ರೆ 4,200, ಟೆಸ್ಟ್ 1,350, ಕಲಬುರಗಿಗೆ ಬಸ್ಸು ಇಬ್ಬರದು 260, ನನ್ನ ಹೊಲಿಗೆ ನಿಂತ ದಿನದ 400. ಮಾತ್ರೆ ಪುಕ್ಕಟೆ ಅನ್ನುತ್ತಾರೆ, ನಾವು ಹೋಗುವ ಕಡೆ ವರ್ಷದಲ್ಲಿ ಐದು ತಿಂಗಳು ಸ್ಟಾಕ್ ಇರಲ್ಲ. ಕಬ್ಬಿಣದ ಹಂಚಿನ ರೊಟ್ಟಿಯನ್ನೂ ಬಿಡಿಸಿದ್ದೇನೆ. ಬೀದರಿನವರೇ, ಪಂಪ್ ಬಿಟ್ಟದ್ದು ನಿಮ್ಮ ತಪ್ಪು. ಅದನ್ನು ಹೇಳಿ ಈ ತಾಯಿಯನ್ನು ಹೆದರಿಸಬೇಡಿ.

ಬೀದರ್: ದಿನಾ ರಾತ್ರಿ ಸೂಜಿ ಚುಚ್ಚಿಸಿಕೊಂಡು ಮಲಗಿದವನು ನಾನು, ನೀವಲ್ಲ. ನಿಮ್ಮ ಮಗನಿಗೆ ಹದಿನೈದು ಆಗಲಿ, ಆಮೇಲೆ ಮಾತಾಡೋಣ. ಒಂದು ಬ್ಯಾಗ್ ರಕ್ತದಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಒಳಗೆ ಹೋಗುತ್ತದೆ, ಅದರ ಮುಂದೆ ಹಂಚಿನದು ಎಷ್ಟು? ಹುಡುಗನಿಗೆ ಬಿಸಿ ಜೋಳದ ರೊಟ್ಟಿ ಕೊಡಿ.

ಶಹಾಪುರ, ತಂದೆ: ಇವೆಲ್ಲ ಯಾಕೆ? ಲಿವರ್ ಊದುವ ಮೊದಲೇ ಬೋನ್ ಮ್ಯಾರೋ (ಅಸ್ಥಿಮಜ್ಜೆ) ಕಸಿ ಮಾಡಿಸಿ. ನಮ್ಮ ಮಗನಿಗೆ 2021ರಲ್ಲಿ, ಏಳನೇ ವರ್ಷಕ್ಕೆ ಆಯ್ತು. ಅಕ್ಕನ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಗುರುತು) ಪೂರ್ತಿ ಹೊಂದಿತು. ಕೋಲ್ ಇಂಡಿಯಾ (ಸರ್ಕಾರಿ ಕಲ್ಲಿದ್ದಲು ಕಂಪನಿ) ಯೋಜನೆಯಲ್ಲಿ ಕಸಿಗೆ 10 ಲಕ್ಷದವರೆಗೆ ಸಿಗುತ್ತದೆ. ಅದರ ಮೇಲಿನ ಔಷಧ, ಐದು ತಿಂಗಳು ಬಾಡಿಗೆ ರೂಮು, ಊಟ ಎಲ್ಲ ನಮ್ಮದೇ. ಎರಡು ಎಕರೆ ತೊಗರಿ ಹೊಲ ಮಾರಿದೆ. ರಕ್ತ ನಿಂತರೂ ಹಳೇ ಕಬ್ಬಿಣ ಮೈಯಲ್ಲೇ ಇತ್ತು. ಯಾವ ಮಗನ ರಕ್ತಕ್ಕೆ ಊರೂರು ಅಲೆದೆವೋ, ಅವನ ತೋಳಿನಿಂದಲೇ ಎರಡು ವಾರಕ್ಕೊಮ್ಮೆ ರಕ್ತ ತೆಗೆದು ಚೆಲ್ಲಿದರು. ಮೊದಲ ಸಲ ನನ್ನ ಹೆಂಡತಿ ನೋಡಲಾರದೆ ಎದ್ದು ಹೊರಗೆ ಹೋದಳು. ಒಂದೂವರೆ ವರ್ಷ ಹಾಗೆ ನಡೀತು. ಮನಸ್ಸು ಮಾಡಿದರೆ ದಾರಿ ಇದೆ. ಮತ್ತೆ, ನಮ್ಮ ಕಡೆಯವರು ಸೋದರಮಾವನ ಮದುವೆ ಬಿಡಬೇಕು.

ಸೇಡಂ ತಾಯಿ: ಮನಸ್ಸು ಮಾಡಿದರೆ? ನಮ್ಮದು ಸಂಬಂಧದ ಮದುವೆ ಅಲ್ಲ. ಇಬ್ಬರ ಊರೂ ಬೇರೆ, ಬಳಗವೂ ಬೇರೆ. ಇಬ್ಬರೂ ಕ್ಯಾರಿಯರ್ (ತಮಗೆ ಕಾಯಿಲೆ ಇಲ್ಲದೆ ಮಗುವಿಗೆ ದಾಟಿಸುವವರು) ಅಂತ ಗೊತ್ತಾದದ್ದೇ ಮಗ ಬಂದ ಮೇಲೆ.

ಶಹಾಪುರ: ಇನ್ನೊಂದು ಮಗು ಮಾಡಿಕೊಂಡಿದ್ದರೆ ಮ್ಯಾಚ್ ಆಗುತ್ತಿತ್ತೇನೋ.

ಸೇಡಂ ತಾಯಿ: ಮಾಡಿಕೊಂಡೆವು. ಹನ್ನೊಂದನೇ ವಾರ ಟೆಸ್ಟ್ ಮಾಡಿಸಿದೆವು. ಅದಕ್ಕೂ ಥಲಸ್ಸೇಮಿಯಾ ಮೇಜರ್, ಮಗನಿಗಿರುವ ಅದೇ ತೀವ್ರ ರೂಪ. ಉಳಿಸಿಕೊಳ್ಳಲಿಲ್ಲ. ಇನ್ನೇನು ಕೇಳಬೇಕು ನಿಮಗೆ?

ಶಹಾಪುರ: ತಪ್ಪಾಯ್ತು ಅಕ್ಕ. ಆದರೂ ಮದುವೆ ಮೊದಲು ಎಚ್‌ಬಿ ಎ2 ಟೆಸ್ಟ್ (ಕ್ಯಾರಿಯರ್ ಹೌದೋ ಅಲ್ಲವೋ ತಿಳಿಸುವ ರಕ್ತ ಪರೀಕ್ಷೆ) ಮಾಡಿಸಬೇಕು ಅನ್ನೋದು ಖರೆ.

ಕಲಬುರಗಿ, 33 ವರ್ಷ: ಎಲ್ಲರೂ ಕಬ್ಬಿಣದ ಬಗ್ಗೆನೇ ಹೇಳುತ್ತಿದ್ದೀರಿ. ನನ್ನನ್ನು ಮಲಗಿಸಿದ್ದು ಅದಲ್ಲ. 2016ರಲ್ಲಿ ರಕ್ತ ಹಾಕಿಸಿಕೊಂಡು ಬಂದ ಆರನೇ ದಿನ ಮೂತ್ರ ಕಡು ಚಹಾದ ಬಣ್ಣ. ಹಿಮೋಗ್ಲೋಬಿನ್ ಏರುವ ಬದಲು 5.1ಕ್ಕೆ ಇಳಿದಿತ್ತು. ಹಾಕಿದ ರಕ್ತವನ್ನು ನನ್ನ ಮೈಯೇ ಒಡೆದು ಹಾಕುತ್ತಿತ್ತು. ದಾನಿಯ ರಕ್ತದ ಮೇಲೆ ಬೀಳುವ ಎರಡು ಆಂಟಿಬಾಡಿ ಸಿಕ್ಕವು. ಅಲ್ಲಿವರೆಗೆ ಬರೀ ಎ, ಬಿ, ಪಾಸಿಟಿವ್ ನೋಡಿ ಹಾಕುತ್ತಿದ್ದರು, ರಕ್ತದ ಬೇರೆ ಸಣ್ಣ ಗುಂಪುಗಳನ್ನು ಟೈಪ್ ಮಾಡಿ ನೋಡುತ್ತಿರಲಿಲ್ಲ. ಹೊಂದುವ ರಕ್ತಕ್ಕೆ ಹನ್ನೊಂದು ದಿನ ಕಾದೆ. ದಾನಿಗಳು ಇಲ್ಲದೆ ಅಲ್ಲ, ಅವರ ರಕ್ತವನ್ನು ಅಷ್ಟು ಟೈಪ್ ಮಾಡಿಟ್ಟವರು ಇಲ್ಲದೆ. ಕೊನೆಗೆ ತಮ್ಮ ಐಸ್ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಹೈದರಾಬಾದಿನಿಂದ ರೈಲಿನಲ್ಲಿ ತಂದ. ಬಿಎಡ್ ಪರೀಕ್ಷೆ ಆ ವರ್ಷ ತಪ್ಪಿತು. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಬೀದರ್: ಇಷ್ಟು ವರ್ಷದಲ್ಲಿ ನನಗೆ ಒಂದು ಆಂಟಿಬಾಡಿ ಬಂದಿಲ್ಲ. ಎಲ್ಲರಿಗೂ ಬರಲ್ಲ, ಅದನ್ನೂ ಹೇಳಿ.

ಕಲಬುರಗಿ: ನಿಮಗೆ ಶುಗರ್ ಬಂತು, ನನಗೆ ಬಂದಿಲ್ಲ. ಹಾಗಂತ ನಾನು ಶುಗರ್ ಟೆಸ್ಟ್ ಬೇಡ ಅಂದೆನಾ?

ಯಾದಗಿರಿ ತಾಯಿ: ದಯವಿಟ್ಟು ಜಗಳ ಬೇಡ. ಮಗಳಿಗೆ ಈಗಾಗಲೇ ನೂರು ಬ್ಯಾಗ್ ಹತ್ತಿರ ಆಗಿದೆ. ಆ ಟೈಪ್ ಟೆಸ್ಟ್ ಈಗಲೂ ಮಾಡಿಸಬಹುದಾ?

ಕಲಬುರಗಿ: ಮಾಮೂಲಿ ಟೆಸ್ಟ್ ಈಗ ನಂಬಲು ಬರಲ್ಲ. ಮೈಯಲ್ಲಿ ದಾನಿಗಳ ಕಣಗಳೂ ಇರುತ್ತವೆ. ಡಿಎನ್‌ಎಯಿಂದ ನೋಡುವ ಟೆಸ್ಟ್ ಇದೆ, ಅದನ್ನು ಕೇಳಿ. ಅದಕ್ಕೂ ಮೊದಲು ಮುಂದಿನ ಸಲ ರಕ್ತ ಹಾಕುವ ದಿನವೇ ಆಂಟಿಬಾಡಿ ಸ್ಕ್ರೀನಿಂಗ್ ಮಾಡಿ ಅನ್ನಿ. ರಿಪೋರ್ಟಿನ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ನನ್ನ ಹಳೇ ಫೈಲ್ ಅವರ ಹತ್ತಿರ ಕಳೆದು ಹೋಗಿತ್ತು.